ದಸ್ತಗೀರನ ಗುಳಿ ತೋಡಿದ ಗಿಟಾರು

ಆಗ ನನಗೆ ಅರವತ್ತು. ಎಂಟು ವರ್ಷದ ಹಿಂದಿನ ಮಾತು. ದಸ್ತಗೀರ ಆಗತಾನೆ ಒಲೆಯಿಂದ ಇಳಿಸಿದ ಚಹಾದ ಗ್ಲಾಸನ್ನು ಐದೂ ಬೆರಳಿನಲ್ಲಿ ಮುಷ್ಟಿ ಕಟ್ಟಿ ಹಿಡಿದು ನಿಲ್ಲುತ್ತಿದ್ದ. ಉಳಿದವರೆಲ್ಲ ಗ್ಲಾಸಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಕೈ ಬದಲಿಸಿ, ಊದಿ ಊದಿ ಕುಡಿಯುವ ಚಹಾ ಅದು. ಇವನು ಅದನ್ನು ಹಿಡಿದುಕೊಂಡೇ ಊರ ಸುದ್ದಿ ಎಲ್ಲ ಮುಗಿಸುವವನು.

"ನಿನ್ನ ಕೈ ಏನ್ ಚರ್ಮದ್ದೋ, ಚಪ್ಪಲಿದೋ?" ಎಂದು ಕೇಳಿದೆ.

"ಇದು ಕಲಾಕಾರನ ಕೈ ಸಂಗಕ್ಕಾ. ಹುಡುಗ ಇದ್ದಾಗಿಂದ ತಂತಿ ಒತ್ತಿ ಒತ್ತಿ ಗಟ್ಟಿ ಆಗ್ಯದ" ಎಂದ.

ನಾನೂ ನಕ್ಕೆ, ಚಹಾದವನೂ ನಕ್ಕ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ ದರ್ಗಾಕ್ಕೆ ಹೋಗುವ ದಾರಿಯಲ್ಲಿ ಅವನ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಶಟರು, ಒಳಗೆ ಇಬ್ಬರು ಕೂತರೆ ಮೂರನೆಯವನು ಹೊರಗೆ. ಗಿಟಾರಿಗೆ ತಂತಿ ಹಾಕಿಕೊಡುತ್ತಿದ್ದ, ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದ. ರಿಪೇರಿ ಹೊಟ್ಟೆಗೆ, ಆರ್ಕೆಸ್ಟ್ರಾ ಮೀಸೆಗೆ ಎಂದು ನಾನು ಹೇಳುತ್ತಿದ್ದೆ. ಮೀಸೆಗೆ ಬಣ್ಣ ಹಚ್ಚುತ್ತಿದ್ದ. ಬಿಳಿ ಬೂಟು ಹಾಕುತ್ತಿದ್ದ. ಎದುರಿನ ಲಾಡ್ಜಿನ ಗಾಜಿನ ಬಾಗಿಲಲ್ಲಿ ದಿನಕ್ಕೆ ಎಷ್ಟು ಸಲ ಮುಖ ನೋಡಿಕೊಳ್ಳುತ್ತಿದ್ದನೋ ದೇವರಿಗೇ ಗೊತ್ತು.

ನಾನು ಕಮಲಾಪುರದವಳು. ನಮ್ಮ ಕಡೆಯ ಕೆಂಪು ಬಾಳೆಯನ್ನು ಬುಟ್ಟಿಯಲ್ಲಿ ತುಂಬಿಕೊಂಡು ಮುಂಜಾನೆ ಮೊದಲ ಬಸ್ಸಿಗೆ ರೋಜಾಕ್ಕೆ ಬಂದು ಅವನ ಅಂಗಡಿಯ ಪಕ್ಕ ಕೂರುತ್ತಿದ್ದೆ. ಅವನ ಮೆಟ್ಟಿಲ ಮೇಲೆ ನೆರಳು ಸಂಜೆವರೆಗೂ ಇರುತ್ತಿತ್ತು. ನನ್ನ ಜಾಗಕ್ಕೆ ಹನ್ನೊಂದಕ್ಕೇ ಬಿಸಿಲು. ಹಾಗಾಗಿ ನಾನು ಬುಟ್ಟಿಯನ್ನು ಮೆಲ್ಲಗೆ ಮೆಟ್ಟಿಲ ಕಡೆ ಸರಿಸುತ್ತಿದ್ದೆ. ಅವನು ದಿನಾ ಮುಂಜಾನೆ ಶಟರು ಎತ್ತಿದ ಕೂಡಲೇ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಒಂದು ಗೆರೆ ಎಳೆಯುತ್ತಿದ್ದ.

"ಈ ಗೆರಿ ದಾಟಬ್ಯಾಡ ಸಂಗಕ್ಕಾ. ನನ್ನ ಗಿರಾಕಿ ಬರೂದು ಇದೇ ದಾರಿಲೆ."

"ನಿನ್ನ ಗಿರಾಕಿ ಎಲ್ಲದನೋ? ನಾ ಕುಂತಾಗಿಂದ ಒಂದು ನಾಯಿ ಬಂದು ಹೋಗ್ಯದ, ಅಷ್ಟ."

"ಆ ನಾಯಿಗೂ ದಾರಿ ಬೇಕಲ್ಲ!"

ಹಣ್ಣಿನ ವಿಷಯದಲ್ಲೂ ಜಗಳವೇ. ಅವನಿಗೆ ಸಕ್ಕರೆ ಕಾಯಿಲೆ. ಚಹಾಕ್ಕೆ ಎರಡು ಚಮಚ ಹೆಚ್ಚಿಗೆ ಸಕ್ಕರೆ, ಮೇಲೆ ನನ್ನ ಹಣ್ಣು. ಗುಳಿಗೆ ನೆನಪಾದ ದಿನ ಗುಳಿಗೆ, ಇಲ್ಲದ ದಿನ ದರ್ಗಾದ ದಾರ. ಅವನ ಹೆಂಡತಿ ಮಲನಬಿ ಬಂದು ಬೈಯುವಳು. ಅವಳ ಮುಂದೆ ತಲೆ ಅಲ್ಲಾಡಿಸಿ, ಅವಳು ಓಣಿ ತಿರುಗುವುದರೊಳಗೆ ಹಣ್ಣು ಸುಲಿಯುವನು.

ಒಂದು ದಿನ ಹಣ್ಣು ಆರಿಸಲು ಬುಟ್ಟಿಗೆ ಕೈ ಹಾಕಿದ. ಕೆಂಪು ಬಾಳೆ ಹಣ್ಣಾಗಿದೆಯೋ ಇಲ್ಲವೋ ಬಣ್ಣ ನೋಡಿ ಹೇಳಲು ಬರುವುದಿಲ್ಲ, ಬೆರಳಿನಿಂದ ಮೆಲ್ಲಗೆ ಮುಟ್ಟಬೇಕು. ಇವನು ಒತ್ತಿದ. ಹೆಬ್ಬೆರಳು ಸಿಪ್ಪೆ ಹರಿದು ಒಳಗೆ ಹೋಯಿತು. ಬೆರಳು ತಿರುಳಿನಲ್ಲಿದೆ, ಇವನು ಇನ್ನೂ ನನ್ನ ಮುಖ ನೋಡುತ್ತ "ಇದು ಕಾಯಿ ಅದ" ಎನ್ನುತ್ತಾನೆ.

"ಕಾಯಿ ಅಲ್ಲೋ ಕುರುಡಾ, ನೋಡು ಕೆಳಗ!"

ನೋಡಿದ. ಬೆರಳು ಹೊರಗೆ ತೆಗೆದ. ಒರೆಸಿಕೊಂಡ. ಆ ಹೊತ್ತಿಗೆ ಒಂದು ನಗೆ ಬರಬೇಕಾಗಿತ್ತು ಅವನಿಂದ. ಬರಲಿಲ್ಲ.

ಅದೇ ದಿನಗಳಲ್ಲಿ ಆರ್ಕೆಸ್ಟ್ರಾ ಮಾಲಕ ಪ್ರಕಾಶ ಅಂಗಡಿಗೆ ಬಂದ. ಅವನು ಕೀಬೋರ್ಡ್ ಬಾರಿಸುವವನು. ಒಳಗೆ ಬರಲೂ ಇಲ್ಲ, ಗೆರೆಯ ಮೇಲೆ ನಿಂತೇ ಹೇಳಿದ. "ದಸ್ತಗೀರ ಭಾಯ್, ನಾವು ಒಂದು ಕಡಿ, ನಿಮ್ಮ ಗಿಟಾರು ಒಂದು ಕಡಿ ಹೊಂಟದ. ಮೊನ್ನಿ ಎರಡು ಸಲ ತಂತಿ ತಪ್ಪಿಸಿದ್ರಿ. ಬರೂ ವಾರ ಕಮಲಾಪುರದಾಗ ಮದುವಿ ಅದ. ಅಲ್ಲಿ ನೋಡ್ತೀನಿ. ಅಲ್ಲೂ ಹಿಂಗ ಆದ್ರ, ಸಿಟ್ಟಾಗಬ್ಯಾಡ್ರಿ, ಗಿಟಾರಿನ ದನಿ ನನ್ನ ಕೀಬೋರ್ಡಿನಾಗೂ ಅದ. ಒಂದು ಗುಂಡಿ ಒತ್ತಿದ್ರ ಸಾಕು."

ಅವನು ಹೋದ ಮೇಲೆ ದಸ್ತಗೀರ ಆ ದಿಕ್ಕಿಗೆ ಉಗುಳಿದ. "ಗುಂಡಿ ಒತ್ತಿದ್ರ ಅಳು ಬರ್ತದೇನು? ಗಿಟಾರಿನ ತಂತಿ ಎಳೀಬೇಕು, ಎಳದ್ರ ಅಳ್ತದ. ಗುಂಡಿ ಒತ್ತಿದ್ರ ಲಿಫ್ಟ್ ಬರ್ತದ."

ಆಮೇಲೆ ಫೋನು ತೆಗೆದು ನನಗೆ ಒಂದು ವಿಡಿಯೋ ತೋರಿಸಿದ. ಯಾವನೋ ಪರದೇಶದವನ ಗಿಟಾರು. ನನಗೆ ಅದರಲ್ಲಿ ತಿಳಿಯುವುದು ಏನೂ ಇರಲಿಲ್ಲ, ಅವನೇ ತಿಳಿಸಿದ. ಗಿಟಾರಿನ ಕೊರಳ ಮೇಲೆ ಒಂದು ಹಲಗೆ ಇರುತ್ತದೆ. ಹಲಗೆಯ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳು, ಅವಕ್ಕೆ ಅವನು ಪರ್ದಾ ಎನ್ನುತ್ತಿದ್ದ. ಎರಡು ಪರ್ದಾದ ನಡುವೆ ಬೆರಳಿಟ್ಟು ತಂತಿಯನ್ನು ಒತ್ತಿದರೆ ಸ್ವರ. ಎಲ್ಲ ಗಿಟಾರಿನಲ್ಲೂ ಆ ನಡುವಿನ ಜಾಗ ಸಪಾಟು. ಆ ಪರದೇಶದವನ ಗಿಟಾರಿನಲ್ಲಿ ಮಾತ್ರ ಪರ್ದಾ ಪರ್ದಾದ ನಡುವೆ ಕಟ್ಟಿಗೆಯನ್ನು ತೋಡಿ ಗುಳಿ ಮಾಡಿದ್ದರು, ಬಟ್ಟೆ ಒಗೆಯುವ ಹಲಗೆಯ ಹಾಗೆ ಕಾಣುತ್ತಿತ್ತು.

"ಇದರಾಗ ಬೆರಳು ಕಟ್ಟಿಗಿಗಿ ಹತ್ತಂಗೇ ಇಲ್ಲ ಸಂಗಕ್ಕಾ, ಬರೇ ತಂತಿಗಿ ಹತ್ತತದ. ಕಟ್ಟಿಗಿ ಉಜ್ಜಂಗಿಲ್ಲ, ತಂತಿ ಎಷ್ಟು ಬೇಕಷ್ಟು ಎಳಿಬೌದು. ಶಹನಾಯಿ ಅತ್ತಂಗ ಅಳ್ತದ. ಜೋರು ಹಾಕೂದೇ ಬ್ಯಾಡ."

"ಅಷ್ಟು ಛಲೋ ಇದ್ರ ಎಲ್ಲಾರೂ ಯಾಕ ಹಂಗ ಮಾಡಂಗಿಲ್ಲ?"

ಅದಕ್ಕೂ ಉತ್ತರ ಇತ್ತು ಅವನ ಹತ್ತಿರ. "ಜೋರು ಒತ್ತಿದ್ರ ಸ್ವರ ಏರ್ತದ, ಬೇಸೂರ ಆಗ್ತದ. ಒಮ್ಮೆಲೆ ನಾಕೈದು ತಂತಿ ಹಿಡೀಬೇಕಂದ್ರ ಒಂದೊಂದು ತಂತಿ ಒಂದೊಂದು ದಿಕ್ಕಿಗೆ ಏರ್ತದ. ಈ ಪರ್ದಾದಿಂದ ಆ ಪರ್ದಾಕ್ಕ ಜಾರೂ ಮುಂದ ಬೆರಳು ಗುಳಿ ಗುಳಿಗೂ ತಡೀತದ. ಮತ್ತ ಒಮ್ಮೆ ತೋಡಿದ್ದು ತೋಡಿದ್ದೇ. ಕೈ ಹಗುರ ಇದ್ದವರಿಗಷ್ಟ ಇದು."

"ನಿನ್ನ ಕೈ ಹಗುರೇನು? ಮೊನ್ನಿ ನನ್ನ ಹಣ್ಣು ತೂತು ಮಾಡಿದಿ."

ಫೋನು ಕಿಸೆಗೆ ಹಾಕಿದ.

ಕಪನೂರಿನಲ್ಲಿ ಮೌನಪ್ಪ ಬಡಿಗೇರ ಎಂಬವನು ಬಾಗಿಲು, ಸೋಫಾ ಮಾಡುತ್ತಿದ್ದ. ನನ್ನ ಬುಟ್ಟಿ ಇಡುವ ಮಣೆಯ ಕಾಲು ಮುರಿದಿತ್ತು. ದಸ್ತಗೀರ ಅಲ್ಲಿಗೇ ಹೊರಟಿದ್ದನಾದ್ದರಿಂದ ಒಂದೇ ಆಟೋದಲ್ಲಿ ಹೋದೆವು. ಅವನ ಮಡಿಲಲ್ಲಿ ಗಿಟಾರು, ನನ್ನ ಮಡಿಲಲ್ಲಿ ಮಣೆ.

ಮೌನಪ್ಪ ಗಿಟಾರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ನಾ ಇಂಥಾದ್ದು ಮಾಡಿಲ್ರಿ ಸಾಬ್ರೆ. ತೋಡಿಕೊಡ್ತೀನಿ, ಆದ್ರ ತಗದ ಕಟ್ಟಿಗಿ ಹೊಳ್ಳಿ ಹತ್ತಂಗಿಲ್ಲ. ಮೊದಲ ಕೆಳಗಿನ ನಾಕು ಪರ್ದಾದ ಮನಿ ತೋಡೂಣ. ಬಾರಿಸಿ ನೋಡ್ರಿ. ಛಲೋ ಅನಸಿದ್ರ ಉಳದದ್ದು ಮಾಡೂಣ."

"ಅರ್ಧಾ ಗಡ್ಡ ಬೋಳಿಸಿಕೊಂಡು ಮನಿಗೆ ಹೋಗ್ಲೇನು? ಎಲ್ಲಾ ತೋಡು."

ಮೌನಪ್ಪ ನನ್ನ ಮುಖ ನೋಡಿದ. ನಾನೇನು ಹೇಳಲಿ, ಗಿಟಾರು ನನ್ನದಲ್ಲ.

ತಂತಿ ಬಿಚ್ಚಿದರು. ಪರ್ದಾಗಳ ಮೇಲೆ ಕಾಗದದ ಟೇಪು ಅಂಟಿಸಿದರು. ದುಂಡನೆಯ ಅರದಿಂದ ಮೌನಪ್ಪ ಒಂದೊಂದೇ ಮನೆಯನ್ನು ಉಜ್ಜತೊಡಗಿದ. ಕರಿ ಪುಡಿ ಉದುರಿತು. ತೋಡಿದ ಮೇಲೆ ಪೈಪಿಗೆ ಉಸುಕಿನ ಕಾಗದ ಸುತ್ತಿ ನುಣ್ಣಗೆ ಮಾಡಿದ. ದಸ್ತಗೀರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಿದ್ದ. ಹೊತ್ತು ಇಳಿಯುವವರೆಗೆ ಅದೇ ಆಯಿತು. ನನ್ನ ಮಣೆಯ ಕಾಲಿಗೆ ಎರಡು ಮೊಳೆ ಹೊಡೆಯಲು ಮೌನಪ್ಪನಿಗೆ ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ತಂತಿ ಹಾಕಿ ದಸ್ತಗೀರ ಒಂದೇ ತಂತಿಯನ್ನು ಮೀಟಿ ಎಳೆದ. ನನಗೆ ಸಂಗೀತ ತಿಳಿಯದು. ಆ ದನಿ ಎದ್ದಿತು, ಬಾಗಿತು, ಬಾಗಿಕೊಂಡೇ ನಿಂತಿತು. ಬಾಗಿಲಲ್ಲಿ ಮಲಗಿದ್ದ ನಾಯಿ ತಲೆ ಎತ್ತಿತು. ಮೌನಪ್ಪ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟ.

"ನೋಡಿದ್ಯಾ?" ಎಂದ ದಸ್ತಗೀರ. ಕಣ್ಣು ತುಂಬಿತ್ತು ಅವನಿಗೆ. ಕಟ್ಟಿಗೆ ಪುಡಿಯೂ ಹಾರುತ್ತಿತ್ತು, ಯಾವುದಕ್ಕೆ ತುಂಬಿತೋ ಗೊತ್ತಿಲ್ಲ.

ಒಂದು ತಂತಿ ಬಾರಿಸಿದ, ಅಷ್ಟೇ. ನಾಲ್ಕೈದು ಒಟ್ಟಿಗೆ ಹಿಡಿದು ನೋಡಲಿಲ್ಲ. ಮನೆಯಲ್ಲಿ ಕೂತು ರೂಢಿ ಮಾಡುತ್ತೇನೆ ಎಂದ. ಆ ವಾರ ಅಂಗಡಿಯಿಂದ ಬರೀ ಒಂದೊಂದು ತಂತಿಯ ಅಳುವೇ ಕೇಳುತ್ತಿತ್ತು.

ಮದುವೆ ನಮ್ಮ ಕಮಲಾಪುರದಲ್ಲಿ, ನಮ್ಮ ಓಣಿಯವರದೇ. ಮಧ್ಯಾಹ್ನ ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವುದು ಮುಗಿದು ಊಟದ ಪಂಕ್ತಿ ಕೂತಾಗ ಆರ್ಕೆಸ್ಟ್ರಾ ಶುರುವಾಯಿತು. ದಸ್ತಗೀರ ಬಿಳಿ ಬೂಟು, ಕೆಂಪು ಅಂಗಿ. ಪಂಕ್ತಿಯಲ್ಲಿ ನನ್ನನ್ನು ನೋಡಿ ಹುಬ್ಬು ಹಾರಿಸಿದ.

ಮೊದಲ ಹಾಡಿನ ನಡುವೆ ಅವನೊಬ್ಬನೇ ಬಾರಿಸುವ ಜಾಗ ಬಂತು. ತಂತಿ ಎಳೆದ. ಅತ್ತಿತು. ಪಂಕ್ತಿಯಲ್ಲಿ ಬಾಯಿಗೆ ಹೋಗುತ್ತಿದ್ದ ಹೋಳಿಗೆ ಅರ್ಧದಲ್ಲಿ ನಿಂತವು. ಯಾರೋ ಸೀಟಿ ಹೊಡೆದರು. ಪ್ರಕಾಶನೂ ಕೀಬೋರ್ಡಿನಿಂದ ತಲೆ ಎತ್ತಿ ನಕ್ಕ. ಬದುಕಿದ ಎಂದುಕೊಂಡೆ.

ಎರಡನೆಯ ಹಾಡು ಶುರುವಾಯಿತು. ಅದರಲ್ಲಿ ಗಿಟಾರು ಅಳುವುದಿಲ್ಲ, ಹಾಡುವವಳ ಹಿಂದೆ ನಾಲ್ಕೈದು ತಂತಿ ಒಟ್ಟಿಗೆ ಹಿಡಿದು ಬಾರಿಸುತ್ತ ಹೋಗಬೇಕು. ದಸ್ತಗೀರ ಹಿಡಿದ. ಹಿಡಿದದ್ದು ಗಟ್ಟಿಯಾಗಿ. ಮೊದಲು ಸಪಾಟು ಹಲಗೆ ಇದ್ದಾಗ ಎಷ್ಟೇ ಒತ್ತಿದರೂ ಬೆರಳು ಕಟ್ಟಿಗೆಗೆ ಬಡಿದು ನಿಲ್ಲುತ್ತಿತ್ತು. ಈಗ ಕೆಳಗೆ ಗುಳಿ, ತಡೆಯುವುದು ಏನೂ ಇಲ್ಲ. ಬೆರಳು ಇಳಿದಷ್ಟು ಸ್ವರ ಏರಿತು. ನನ್ನಂಥವಳ ಕಿವಿಗೂ ತಿಳಿಯಿತು, ಹಾಲಿಗೆ ಹುಣಸೆಹಣ್ಣು ಬಿದ್ದ ಹಾಗೆ. ಹಾಡುವ ಹುಡುಗಿ ತನ್ನದೇ ತಪ್ಪು ಎಂದು ದನಿ ಏರಿಸಿದಳು. ಇವನು ಮತ್ತೂ ಒತ್ತಿದ. ಅವಳು ಮತ್ತೂ ಏರಿಸಿದಳು, ಕಡೆಗೆ ದನಿ ಒಡೆದು ಹಾಡು ನಿಂತಿತು. ಅವಳು ತಿರುಗಿ ಅವನನ್ನು ನೋಡಿದಳು. ಪಂಕ್ತಿಯಲ್ಲಿ ಒಬ್ಬ, "ಯಪ್ಪಾ, ಬೆಕ್ಕಿನ ಬಾಲ ತುಳಿದ್ರೇನ್ರಿ?" ಎಂದ. ಎಲ್ಲರೂ ನಕ್ಕರು.

ಪ್ರಕಾಶ ಸಿಟ್ಟಾಗಲಿಲ್ಲ. ದಸ್ತಗೀರನ ಗಿಟಾರಿನಿಂದ ವೈರು ಕಿತ್ತ. ಕೀಬೋರ್ಡಿನಲ್ಲಿ ಗುಂಡಿ ಒತ್ತಿದ. ಹಾಡು ಮತ್ತೆ ಮೊದಲಿಂದ ಶುರುವಾಯಿತು, ಗಿಟಾರಿನ ದನಿಯೂ ಅದರಲ್ಲಿತ್ತು. ದಸ್ತಗೀರ ಆ ಹಾಡು ಮುಗಿಯುವವರೆಗೆ ವೈರಿಲ್ಲದ ಗಿಟಾರು ಬಾರಿಸುತ್ತ ಸ್ಟೇಜಿನ ಮೇಲೆ ನಿಂತಿದ್ದ. ಇಳಿದು ಬಂದಿದ್ದರೆ ವಾಸಿಯಿತ್ತು.

ಅವನನ್ನು ಹಾಗೆ ಒಬ್ಬನನ್ನೇ ಕಳಿಸಲು ಮನಸ್ಸು ಬರಲಿಲ್ಲ ಎಂದೇನೂ ಅಲ್ಲ, ನನಗೂ ರೋಜಾದಲ್ಲಿ ಒಂದು ಬಾಳೆಗೊನೆ ಮುಟ್ಟಿಸುವುದಿತ್ತು. ಸಂಜೆಗೆ ಮೊದಲು ಒಂದೇ ಬಸ್ಸಿನಲ್ಲಿ ಕಲಬುರಗಿಗೆ ಹೊರಟೆವು. ಅವನು ಕಿಟಕಿ ಕಡೆ, ಗಿಟಾರು ನಡುವೆ, ನಾನು ಈ ಕಡೆ.

"ಆಟ ಆಡಿದೇನು? ಹಗುರಕ ಹಿಡೀಬೇಕು ಅಂತ ನೀನೇ ಹೇಳಿದ್ದಿ" ಎಂದೆ.

"ಹಗುರಕ ಹಿಡದೀನಿ ಅಂತೇ ತಿಳಕೊಂಡಿದ್ದೆ."

"ಅಂದ್ರ?"

ಎಡಗೈ ಎತ್ತಿ ನನ್ನ ಮುಖದ ಮುಂದೆ ಹಿಡಿದ. "ಚಿವುಟು."

ಬೆರಳ ತುದಿಯನ್ನು ಚಿವುಟಿದೆ. ಉಗುರು ಮೂಡುವಂತೆ ಚಿವುಟಿದೆ. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

"ಚಿವುಟು ಅಂದ್ನಲ್ಲ" ಎಂದ.

ನಾನು ಕೈ ಬಿಟ್ಟೆ. ಚಹಾದ ಗ್ಲಾಸು ತಿಳಿಯಿತು, ಬಾಳೆಹಣ್ಣು ತಿಳಿಯಿತು.

"ಯಾವಾಗಿಂದ?"

"ಹೋದ ವರ್ಷ ದರ್ಗಾದ ಉರುಸಿನಿಂದ. ಬೆರಳು ಬ್ಯಾರೇದವರದು, ನನ್ನ ಕೈಗೆ ಹೊಲಿದಂಗ ಅದ. ಕಟ್ಟಿಗಿ ಯಾವುದು, ತಂತಿ ಯಾವುದು ತಿಳೀವಲ್ದು. ಕಟ್ಟಿಗಿ ತಗದ್ರ ಬರೇ ತಂತಿ ಉಳೀತದ, ಅದರ ಮ್ಯಾಲಾದ್ರೂ ಬೆರಳು ನಿಲ್ತದ ಅಂದ್ಕೊಂಡೆ. ಎಳಿಯೂ ಮುಂದ ಸ್ವರ ಕಿವಿಗಿ ಕೇಳ್ತದ, ಕಿವಿ ಹಿಡಕೊಂಡು ಹೋಗ್ತೀನಿ. ನಾಕೈದು ತಂತಿ ಒಮ್ಮೆ ಹಿಡಿಬೇಕಂದ್ರ ಯಾವ ಬೆರಳು ಎಷ್ಟು ಒತ್ತಾಕತ್ಯದ ಅಂತ ಕಿವಿ ಹೆಂಗ ಹೇಳ್ತದ?"

"ಡಾಕ್ಟರ್ ಏನಂದ?"

"ಸಕ್ಕರಿಗೆ ನರ ಸತ್ತಾವ. ಸತ್ತದ್ದು ಹೊಳ್ಳಿ ಬರಂಗಿಲ್ಲ. ಉಳದದ್ದಾದ್ರೂ ಉಳಿಸಿಕೋ ಅಂದ."

"ಇಷ್ಟು ಗೊತ್ತಿದ್ದು ಹಲಗಿ ಯಾಕ ತೋಡಿಸಿದಿ, ಹುಚ್ಚಾ?"

"ಬೆರಳಿಗಿ ಏನು ಮಾಡ್ಲಿಕ್ಕ ಬರ್ತದ ಸಂಗಕ್ಕಾ? ಹಲಗಿಗಾದ್ರ ಏನಾರ ಮಾಡ್ಲಿಕ್ಕ ಬರ್ತದ. ಅದಕ ಮಾಡಿದೆ."

ಬಸ್ಸು ಕಪನೂರು ದಾಟುವಾಗ ಅವನು ಮೌನಪ್ಪನ ಶೆಡ್ಡಿನ ಕಡೆ ನೋಡಿದ. ನಾಳೆ ಬಂದು ಗುಳಿ ಮುಚ್ಚಿಸುತ್ತೇನೆ ಎಂದ.

ಮುಚ್ಚಿಸಿದ ಕೂಡ. ಮೌನಪ್ಪ ಬೇಡವೆಂದರೂ ಕೇಳಲಿಲ್ಲವಂತೆ. ಕಟ್ಟಿಗೆ ಪುಡಿಗೆ ಅಂಟು ಕಲಸಿ ಗುಳಿಗಳಲ್ಲಿ ತುಂಬಿ ಉಜ್ಜಿಕೊಟ್ಟ. ತರುವಾಗ ಸಪಾಟಾಗಿತ್ತು. ಎರಡು ದಿನ ಒತ್ತಿದ್ದಕ್ಕೆ ಒಣ ಮಣ್ಣಿನ ಹಾಗೆ ಬಿರುಕು ಬಿಟ್ಟು ಉದುರಿತು. ಅರ್ಧ ಗುಳಿ ತುಂಬಿದ್ದವು, ಅರ್ಧ ಖಾಲಿ. ಮೊದಲಿಗಿಂತ ಕೆಟ್ಟಿತು. ಪ್ರಕಾಶನಿಂದ ಫೋನು ಬರಲಿಲ್ಲ. ಹಾರ್ಮೋನಿಯಂ ರಿಪೇರಿಗೂ ಸಣ್ಣ ಮೊಳೆ ಹಿಡಿಯಲು ಬೆರಳು ಬೇಕು, ಬಂದ ಪೆಟ್ಟಿಗೆಗಳನ್ನು ಹಾಗೆಯೇ ತಿರುಗಿ ಕಳಿಸುತ್ತಿದ್ದ. ಆದರೂ ಮುಂಜಾನೆ ಶಟರು ಎತ್ತಿ ನನ್ನ ಮುಂದೆ ಗೆರೆ ಎಳೆಯುವುದನ್ನು ಬಿಡಲಿಲ್ಲ. ಸುಣ್ಣದ ಕಡ್ಡಿ ಕೈಯಿಂದ ಜಾರಿ ಬೀಳುತ್ತಿತ್ತು. ಎತ್ತಿಕೊಂಡು ಮತ್ತೆ ಎಳೆಯುವನು. ಗೆರೆ ಹಾವಿನ ಹಾಗೆ ಹೋಗುತ್ತಿತ್ತು.

ಅವನು ಸತ್ತದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದ. ಅಂಗಾಲಿಗೆ ಗಾಜು ಹೊಕ್ಕಿತ್ತು, ಅದೂ ಅವನಿಗೆ ತಿಳಿದಿರಲಿಲ್ಲ. ಬೂಟು ತೆಗೆದಾಗ ವಾಸನೆ ಬಂದು ಮಲನಬಿಗೆ ತಿಳಿಯಿತು. ಕಾಲು ತೆಗೆದರು. ಮುಂದಿನ ಉರುಸಿಗೆ ಅವನು ಇರಲಿಲ್ಲ. ಗಿಟಾರನ್ನು ಯಾರೂ ಕೊಳ್ಳಲಿಲ್ಲ, ತೋಡಿದ ಹಲಗೆ ನೋಡಿ ಬಂದವರು ಹೊರಟು ಹೋದರು. ಮಲನಬಿ ಅದನ್ನು ಏನು ಮಾಡಿದಳೋ ನಾನು ಕೇಳಲಿಲ್ಲ.

ನಾನು ಅವನನ್ನು ಕಡೆಯ ಸಲ ನೋಡಿದ್ದು ಅಂಗಡಿ ಮುಚ್ಚಿದ ದಿನ. ಮಧ್ಯಾಹ್ನ ಬಿಸಿಲು ನನ್ನ ತಲೆಯ ಮೇಲೆ ಬಂದಿತ್ತು. ಅವನು ಒಳಗಿನಿಂದ ಕರೆದ.

"ಸಂಗಕ್ಕಾ, ಸ್ವಲ್ಪ ಒಳಗ ಬಾ."

"ಗೆರಿ ದಾಟಬ್ಯಾಡ ಅಂದಿಯಲ್ಲ."

"ಇವತ್ತ ದಾಟು."

ಹೋದೆ. ಸ್ಟೂಲಿನ ಮೇಲೆ ಗಿಟಾರು ಹಿಡಿದು ಕೂತಿದ್ದ. ಮೀಸೆಯ ಬುಡ ಬೆಳ್ಳಗಾಗಿತ್ತು. ಕಣ್ಣು ಮುಚ್ಚಿಕೊಂಡು ಎಡಗೈ ಬೆರಳುಗಳನ್ನು ಹಲಗೆಯ ಮೇಲೆ ಇಟ್ಟ. ತೋರುಬೆರಳು ತಂತಿಯ ಮೇಲಿತ್ತು. ನಡುಬೆರಳು ಎರಡು ತಂತಿಯ ನಡುವೆ ಗುಳಿಯಲ್ಲಿ ಇಳಿದಿತ್ತು. ಉಂಗುರದ ಬೆರಳು ಪರ್ದಾದ ಮೇಲೆಯೇ ಕೂತಿತ್ತು. ಕಿರುಬೆರಳು ಹಲಗೆಯ ಹೊರಗೆ ಗಾಳಿಯಲ್ಲಿತ್ತು.

"ನಾ ಕಣ್ಣು ತೆರಿಯಂಗಿಲ್ಲ. ನೋಡಿ ಹೇಳು. ನನ್ನ ಬೆರಳು ತಂತಿ ಮ್ಯಾಲ ಅವೇನು?"

ಹೌದು ಎನ್ನಬಹುದಿತ್ತು. ಹೌದೆಂದರೆ ಅವನು ಬಾರಿಸುವನು, ಬಾರಿಸಿದರೆ ಕಿವಿಗೆ ತಿಳಿಯುವುದು.

"ಒಂದು ಅದ. ಉಳದವು ಇಲ್ಲ."

"ಇಲ್ಲ?"

"ಇಲ್ಲೋ."

ಕಣ್ಣು ತೆರೆದು ನೋಡಿಕೊಂಡ. ಬೆರಳನ್ನು ಬಲಗೈಯಿಂದ ಒಂದೊಂದಾಗಿ ಎತ್ತಿ ಹಲಗೆಯಿಂದ ತೆಗೆದ, ಬೇರೆ ಯಾರದೋ ಕೈ ಬಿಡಿಸುವಂತೆ. "ನೀ ಸುಳ್ಳು ಹೇಳಂಗಿಲ್ಲಂತ ನಿನ್ನ ಕರದೆ. ಮಲನಬಿ ಆಗಿದ್ರ ಎಲ್ಲಾ ಅವ ಅಂತಿದ್ಲು" ಎಂದ.

ಶಟರು ಎಳೆದುಕೊಡಲು ನನಗೇ ಹೇಳಿದ. ಅವನ ಕೈಯಲ್ಲಿ ಕೊಕ್ಕೆ ನಿಲ್ಲುತ್ತಿರಲಿಲ್ಲ. ಎಳೆದೆ. ಬೀಗ ಹಾಕಿ ಕೀಲಿಯನ್ನು ಅವನ ಅಂಗಿಯ ಕಿಸೆಗೆ ಹಾಕಿದೆ. ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಓಣಿ ಹಿಡಿದು ಹೋದ. ಲಾಡ್ಜಿನ ಗಾಜಿನ ಬಾಗಿಲು ದಾಟುವಾಗ ತಲೆ ತಿರುಗಿಸಲಿಲ್ಲ.

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಬಂದೆ. ಶಟರಿಗೆ ಬೀಗ ಹಾಗೇ ಇತ್ತು. ಹಿಂದಿನ ದಿನದ ಗೆರೆ ಅರ್ಧ ಅಳಿಸಿ ಅರ್ಧ ಉಳಿದಿತ್ತು. ಬುಟ್ಟಿಯನ್ನು ಎತ್ತಿ ಗೆರೆಯ ಆ ಕಡೆ, ಅವನ ಮೆಟ್ಟಿಲ ಮೇಲೆ ಇಟ್ಟು, ನೆರಳಲ್ಲಿ ಹಣ್ಣು ಹರಡಿದೆ.